ಕೋಳಿ ಫೀಡ್ ತರುವ ಮುಂಚೆ ಚೀಲದೊಳಗೆ ಕೈ ಹಾಕಿ

ಹರಿಹರದ ಹತ್ತಿರ ನಮ್ಮ ಊರು. ಹಿತ್ತಲಲ್ಲಿ ಗಿರಿರಾಜ ತಳಿಯ ಕೋಳಿ ಇವೆ, ಜೊತೆಗೆ ಒಂದಷ್ಟು ನಾಟಿ ಕೋಳಿ. ಊರಲ್ಲಿ ಯಾರೇ ಹೊಸದಾಗಿ ಕೋಳಿ ತಂದರೂ ನನ್ನ ಹತ್ತಿರ ಬಂದು, "ಅಕ್ಕಾ, ಯಾವ ಕಂಪನಿ ಫೀಡ್ ಒಳ್ಳೇದು?" ಅಂತ ಕೇಳುತ್ತಾರೆ. ಕಂಪನಿ ಯಾವುದಾದರೂ ಇರಲಿ, ನಿಮಗೆ ಕೊಡುತ್ತಿರುವ ಆ ಒಂದು ಚೀಲ ಹೇಗಿದೆ ಅಂತ ನೋಡಿ.

ಮೊದಲು ತಯಾರಾದ ತಾರೀಖು. ಚೀಲದ ಬಾಯಿಗೆ ಹೊಲಿದಿರುವ ಲೇಬಲ್ ಮೇಲೆ ಇರುತ್ತದೆ. ದಿನ ಕಳೆದಂತೆ ಫೀಡಿನ ವಿಟಮಿನ್ ಕಡಿಮೆಯಾಗುತ್ತದೆ, ಎಣ್ಣೆ ಅಂಶ ಕಮಟಾಗುತ್ತದೆ. ಮಳೆಗಾಲದಲ್ಲಿ ತಿಂಗಳು ದಾಟಿದ ಚೀಲವನ್ನು ನಾನು ಮುಟ್ಟುವುದಿಲ್ಲ. ತಾರೀಖು ಅಳಿಸಿದ್ದರೆ ಬೇರೆ ಚೀಲ ಕೇಳಿ. ಗೋಡೆಗೆ ಒರಗಿಸಿದ್ದು, ಬರೀ ನೆಲದ ಮೇಲೆ ಇಟ್ಟಿದ್ದು ಬೇಡ. ತೇವ ಹತ್ತುವುದೇ ಅಲ್ಲಿಂದ.

ಆಮೇಲೆ ಬಾಯಿ ಬಿಚ್ಚಿಸಿ. ಬಿಚ್ಚಲ್ಲ ಅಂದರೆ ಅದೇ ಲಾಟಿನ ಬಿಡಿ ಫೀಡ್ ತೋರಿಸಲು ಹೇಳಿ. ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗಿದೆ ಅನ್ನಿಸಿದರೆ ಆ ಚೀಲ ಬೇಡವೇ ಬೇಡ, ತೇವ ಸೇರಿ ಕಾವು ಎದ್ದಿದೆ ಅಂತ ಅರ್ಥ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅದುಮಿ ಬಿಡಿ. ಉದುರಬೇಕು, ಉಂಡೆ ನಿಲ್ಲಬಾರದು. ಮೂಗಿನ ಹತ್ತಿರ ಹಿಡಿದರೆ ಹೊಸ ಹಿಟ್ಟಿನ ವಾಸನೆ ಬರಬೇಕು. ಮುಗ್ಗಲು, ಹಳೇ ಎಣ್ಣೆಯ ಕಮಟು, ಮೂಗಿಗೆ ಚುಚ್ಚುವ ಅಮೋನಿಯಾ, ಈ ಮೂರರಲ್ಲಿ ಒಂದು ಬಂದರೂ ವಾಪಸ್ ಕೊಡಿ. ನೂಲಿನಂಥ ಬಲೆ ಕಂಡರೆ ಹುಳ ಬಿದ್ದಿದೆ.

ನಮ್ಮ ಕಡೆ ತುಂಬಾ ಜನ ಫೀಡಿನ ಜೊತೆ ಮೆಕ್ಕೆಜೋಳ ನುಚ್ಚು ಮಾಡಿಸಿ ಬೆರೆಸುತ್ತಾರೆ. ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವೇ? ಆದರೆ ಅಕ್ಟೋಬರ್, ನವೆಂಬರಲ್ಲಿ ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಜಾಸ್ತಿ ಹುಷಾರಾಗಿರಬೇಕು. ಒಂದು ಕಾಳು ಹಲ್ಲಲ್ಲಿ ಕಡಿಯಿರಿ. ಟಕ್ ಅಂತ ಒಡೆದರೆ ಒಣಗಿದೆ, ಹಲ್ಲು ಊರಿದರೆ ಇನ್ನೂ ಹಸಿ. ಕಾಳಿನ ಬುಡದಲ್ಲಿ ಹಸಿರು ಅಥವಾ ಕಪ್ಪು ಬೂಷ್ಟು ಇದ್ದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಅದು ಕೋಳಿಯ ಲಿವರ್ ಕೆಡಿಸುತ್ತದೆ, ಮೊಟ್ಟೆ ಇಳಿಸುತ್ತದೆ. ಬಿಸಿಲಿಗೆ ಹರಡಿದರೆ ಬೂಷ್ಟು ಒಣಗುತ್ತದೆ, ವಿಷ ಹಾಗೇ ಉಳಿಯುತ್ತದೆ. ಬೇಯಿಸಿದರೂ ಹೋಗುವುದಿಲ್ಲ. "ಕೋಳಿಗೆ ತಾನೇ, ನಡೆಯುತ್ತೆ ಬಿಡಿ" ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಆ ಮೊಟ್ಟೆ ತಿನ್ನೋರು ನಮ್ಮ ಮಕ್ಕಳೇ ಅಲ್ವಾ?

ಇನ್ನು ಲೇಬಲ್ ಓದುವುದು. ಎಳೇ ಮರಿಗಳಿಗೆ ಪ್ರೋಟೀನ್ ಸುಮಾರು 20 ಪರ್ಸೆಂಟ್ ಬೇಕು, ಬೆಳೆಯುವ ಕೋಳಿಗೆ 16ರ ಆಸುಪಾಸು, ಮೊಟ್ಟೆ ಕೋಳಿಗೆ 16ರಿಂದ 18. ಮೊಟ್ಟೆ ಕೋಳಿಯ ಫೀಡಲ್ಲಿ ಕ್ಯಾಲ್ಸಿಯಂ 3.5ರಿಂದ 4 ಪರ್ಸೆಂಟ್ ಇರುತ್ತದೆ. ಅದನ್ನೇ ಮರಿಗಳಿಗೆ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂನಿಂದ ಅವುಗಳ ಕಿಡ್ನಿ ಹಾಳಾಗುತ್ತದೆ. ಪ್ರೋಟೀನ್ ಅಂಕಿಯೊಂದನ್ನೇ ನಂಬಲೂ ಬೇಡಿ. ಲ್ಯಾಬಲ್ಲಿ ಸಾರಜನಕವನ್ನು ಅಳೆದು ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಯೂರಿಯಾದಲ್ಲೂ ಸಾರಜನಕ ಇದೆ, ಅದನ್ನು ಬೆರೆಸಿದರೂ ಅಂಕಿ ಏರುತ್ತದೆ. ಅಮೋನಿಯಾ ವಾಸನೆ ನೋಡಿ ಅಂದಿದ್ದು ಅದಕ್ಕೇ. ಪ್ರೋಟೀನಿಗೆ ಸೋಯಾ ಹಿಂಡಿ ಹಾಕಿದ್ದಾರಾ ಅಂತಲೂ ಓದಿ.

ಮಣ್ಣು, ಮರಳು ಬೆರೆತಿದೆಯಾ ಅನ್ನೋ ಅನುಮಾನ ಇದ್ದರೆ ಮನೆಯಲ್ಲೇ ನೋಡಬಹುದು. ಗಾಜಿನ ಲೋಟದ ನೀರಿಗೆ ಒಂದು ಹಿಡಿ ಫೀಡ್ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಡಿ. ಮೊಟ್ಟೆ ಕೋಳಿಯ ಫೀಡಾದರೆ ಸುಣ್ಣಕಲ್ಲಿನ ನುಚ್ಚು, ಚಿಪ್ಪಿನ ಚೂರು ತಳಕ್ಕೆ ಇಳಿಯುವುದು ಸಹಜ. ಮೇಲಿನ ನೀರು ಬಸಿದು, ತಳದ ಚೂರಿಗೆ ನಿಂಬೆರಸ ಹಿಂಡಿ. ಸುಣ್ಣಕಲ್ಲು, ಚಿಪ್ಪು ಆದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮರಳು ಸುಮ್ನೆ ಇರುತ್ತದೆ.

ಎಷ್ಟು ತರಬೇಕು? ಒಂದು ಮೊಟ್ಟೆ ಕೋಳಿ ದಿನಕ್ಕೆ 110 ಗ್ರಾಂ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 20 ಕೋಳಿಗೆ 50 ಕೆಜಿ ಚೀಲ ಮೂರು ವಾರ ಬರುತ್ತದೆ. ಐದಾರು ಕೋಳಿ ಇರುವವರು ಅಗ್ಗವಾಯಿತು ಅಂತ ದೊಡ್ಡ ಚೀಲ ತರಬೇಡಿ, ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಿ. ಮನೆಗೆ ತಂದ ಮೇಲೆ ಹಲಗೆ ಮೇಲಿಟ್ಟು, ಬಾಯಿ ಕಟ್ಟಿ.

ಚೀಲ ಖಾಲಿಯಾಗುವವರೆಗೂ ಲೇಬಲ್ ಬಿಸಾಡಬೇಡಿ. ಬಿಲ್ಲಿನ ಜೊತೆ ಎತ್ತಿಡಿ, ಒಂದು ಹಿಡಿ ಫೀಡನ್ನೂ ಡಬ್ಬಿಯಲ್ಲಿ ಹಾಕಿಡಿ. ಕೋಳಿ ಮಂಕಾದರೆ, ಮೊಟ್ಟೆ ಇದ್ದಕ್ಕಿದ್ದಂತೆ ಇಳಿದರೆ ಪಶು ಆಸ್ಪತ್ರೆಗೆ ಮೂರನ್ನೂ ತೆಗೆದುಕೊಂಡು ಹೋಗಿ ತೋರಿಸಿ.