ಔಷಧಿಗೆ ಸಾಯದ ನೊಣ, ಒಣ ಗೊಬ್ಬರಕ್ಕೆ ಸೋತಿತು

ಔಷಧಿ ಹೊಡೆದ ಸಂಜೆ ಬಿದ್ದ ನೊಣವನ್ನೆಲ್ಲ ಗುಡಿಸಿ ಬಾಂಡ್ಲಿಗೆ ತುಂಬಿಟ್ಟಿದ್ದೆ. ಹತ್ತಿರ ಹತ್ತಿರ ಅರ್ಧ ಬಾಂಡ್ಲಿ. ಬೆಳಿಗ್ಗೆ ಸುಡೋಣ ಅಂತ ಹೋದರೆ ಅಂಚಿನ ಮೇಲೆ ಸಾಲಾಗಿ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿದ್ದವು! ಒಂದು ರಾತ್ರಿ ನಿದ್ದೆ ಮಾಡಿ ಎದ್ದಿದ್ದವು ಅಷ್ಟೇ.

ಹೊಸಪೇಟೆ ಕಡೆ ನನ್ನದು ಸುಮಾರು 12 ಸಾವಿರ ಲೇಯರ್, ಅಂದರೆ ಮೊಟ್ಟೆ ಕೋಳಿಗಳ ಫಾರಂ. ಮೊದಲು ಸೈಪರ್‌ಮೆಥ್ರಿನ್, ಅದು ನಾಟದೇ ಇದ್ದಾಗ ಡೆಲ್ಟಾಮೆಥ್ರಿನ್. ಎರಡೂ ಒಂದೇ ಗುಂಪು, ಒಂದನ್ನು ಅರಗಿಸಿಕೊಂಡ ನೊಣ ಇನ್ನೊಂದಕ್ಕೂ ಜಗ್ಗೋದಿಲ್ಲ ಅಂತ ಆಗ ಯಾರು ಹೇಳಿದರು? ಅಂಗಡಿಯವರು ಡೋಸ್ ಡಬಲ್ ಮಾಡಿ ಅಂದರು, ಮಾಡಿದೆ. ಬಡಪಾಯಿಗಳು ಸತ್ತವು, ಗಟ್ಟಿಗಳು ಉಳಿದು ಮೊಟ್ಟೆಯಿಟ್ಟವು. ಬೇಸಿಗೆಯಲ್ಲಿ 10 ದಿನಕ್ಕೊಂದು ತಲೆಮಾರು, ನೀವೇ ಲೆಕ್ಕ ಹಾಕಿ. 2020ರ ಕೊನೆಗೆ ಡೈಕ್ಲೋರ್ವಾಸ್ ಅನ್ನೋ ಬೇರೆ ಗುಂಪಿನ ಕೀಟನಾಶಕ ಕೂಡ ನಿಷೇಧವಾಯ್ತು. ಔಷಧಿಗೇ ವರ್ಷಕ್ಕೆ 40 ಸಾವಿರದ ಮೇಲೆ ಸುರಿದಿದ್ದೇನೆ. ಅಷ್ಟಾದರೂ ಊರಲ್ಲಿ ಯಾರ ಮದುವೆ ಪಾಯಸದಲ್ಲಿ ನೊಣ ಬಿದ್ದರೂ ನನ್ನ ಹೆಸರೇ.

ಕೊನೆಗೆ ಕೇಜಿನ ಕೆಳಗೆ ಬಗ್ಗಿ ನೋಡಿದೆ. ನೊಣದ ಮರಿಹುಳ ಎಲ್ಲ ಕಡೆಯೂ ಇದ್ದಿಲ್ಲ, ಕೆಲವು ಕಡೆ ಮಾತ್ರ. ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುವ ಕಡೆ ಮಾತ್ರ ಗೊಬ್ಬರ ಅಂಬಲಿಯಾಗಿ ಹುಳದಿಂದ ಕುದಿಯುತ್ತಿತ್ತು. ಅಂಥ ನಿಪ್ಪಲ್ 200ರ ಆಸುಪಾಸು ಸಿಕ್ಕವು. ಬದಲಾಯಿಸಲು ಕೂಲಿ ಸೇರಿ 9 ಸಾವಿರವೋ ಏನೋ ಆಯ್ತು. ಈಗ ವಾರಕ್ಕೊಮ್ಮೆ ಗೊಬ್ಬರ ಮುಷ್ಟಿಯಲ್ಲಿ ಹಿಡಿದು ನೋಡ್ತೀನಿ. ಉಂಡೆ ಕಟ್ಟಿದರೆ ಮೇಲೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಇಲ್ಲೊಂದು ದಡ್ಡತನ ಮಾಡಿದೆ. ಗೊಬ್ಬರ ಒಣಗಿದ ಖುಷಿಯಲ್ಲಿ ಇಡೀ ಶೆಡ್ಡಿನ ಗೊಬ್ಬರ ಒಂದೇ ಸಲ ತೆಗೆಸಿದೆ. ಎರಡು ವಾರಕ್ಕೆ ನೊಣ ಮೊದಲಿಗಿಂತ ಹೆಚ್ಚು! ಹಳೇ ಗೊಬ್ಬರದಲ್ಲಿ ನೊಣದ ಮೊಟ್ಟೆ ತಿನ್ನುವ ಕೆಂಪು ನುಸಿ, ಕಪ್ಪು ದುಂಬಿ ಇರ್ತವೆ, ಅವೂ ಟ್ರ್ಯಾಕ್ಟರ್ ಹತ್ತಿ ಹೋಗಿದ್ದವು. ಈಗ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಸ್ತೀನಿ, ತಳದಲ್ಲಿ ಅರ್ಧ ಅಡಿ ಒಣ ಗೊಬ್ಬರ ಬಿಡ್ತೀನಿ.

ಕುತೂಹಲಕ್ಕೆ ನೊಣದ ಕೋಶಗಳನ್ನು (ಹುಳ ನೊಣವಾಗುವ ಮುಂಚೆ ಇರುವ ಗೂಡು) ಉಪ್ಪಿನಕಾಯಿ ಬಾಟ್ಲಿಯಲ್ಲಿ ಹಾಕಿ ಬಟ್ಟೆ ಕಟ್ಟಿಟ್ಟೆ. ನೊಣ ಬಂದವು. ಆಮೇಲೂ ಸುಮಾರು ಕೋಶ ಉಳಿದಿದ್ದವು, ಎರಡು ಮೂರು ವಾರ ಕಳೆದ ಮೇಲೆ ಅವುಗಳಿಂದ ಇರುವೆಗಿಂತ ಸಣ್ಣ ಕಪ್ಪು ಕಣಜ ಹೊರಬಂದವು. ನೊಣವನ್ನು ಕೋಶದೊಳಗೇ ತಿಂದು ಬೆಳೆಯುವ ಕಣಜ ಇವು. ಇಷ್ಟು ವರ್ಷ ಇವುಗಳ ಮೇಲೂ ವಿಷ ಹೊಡೆದಿದ್ದೆನಲ್ಲ! ಅವತ್ತಿಂದ ಗೊಬ್ಬರದ ಮೇಲೆ ಒಂದು ಹನಿ ಔಷಧಿಯಿಲ್ಲ. ಹುಳ ತಿನ್ನಲಿ ಅಂತ ನಾಟಿ ಕೋಳಿ ಬಿಟ್ಟೂ ನೋಡಿದೆ. ರೋಗ ತರಿಸ್ತೀಯಾ ಅಂತ ಡಾಕ್ಟರು ಬೈದರು, ಎರಡೇ ದಿನಕ್ಕೆ ಹಿಡಿಸಿದೆ.

ಹಾರುವ ನೊಣಕ್ಕೆ ಬೆಲ್ಲದ ನೀರಿನ ಬಲೆ. ಅದರಲ್ಲಿ ಇನ್ನೊಂದು ಪದಾರ್ಥ ಹಾಕ್ತೀನಿ, ಅದು ನನ್ನ ಹತ್ತಿರವೇ ಇರಲಿ.

ಹೋದ ವರ್ಷ ಔಷಧಿ ಖರ್ಚು 5 ಸಾವಿರ ದಾಟಲಿಲ್ಲ. ಗೊಬ್ಬರ ಒಣಗಿದೆ ಅಂತ ಲೋಡಿಗೆ 500 ಹೆಚ್ಚೇ ಸಿಕ್ತು. ನಿಪ್ಪಲ್ ಮಾತಿಗೆ ನಕ್ಕಿದ್ದ ಪಕ್ಕದ ಫಾರಂನವರು ಮೊನ್ನೆ ಬಂದು ಒಂದು ಚೀಲ ಹಳೇ ಗೊಬ್ಬರ ಕೇಳಿದರು. ರೋಗ ದಾಟುತ್ತೆ, ಕೊಡಲಿಲ್ಲ. ನಿಪ್ಪಲ್ ಹಾಕುವ ಹುಡುಗನ ನಂಬರ್ ಕೊಟ್ಟೆ.