ಹೊಳೆ ಇಲ್ಲದ ಊರಲ್ಲಿ ಹೊಳೆ ತೋರಿಸುವ ಕೆಲಸ

ಮೊದಲು ನಾನೂ ಎಲ್ಲಾ ಗೈಡ್‌ಗಳ ಹಾಗೇ ಬೆಂಗಳೂರು ತೋರಿಸುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಜನರನ್ನು ಟಿಟಿ (ಟೆಂಪೋ ಟ್ರಾವೆಲರ್) ಹತ್ತಿಸಿಕೊಂಡು ಹೊರಟರೆ ದೊಡ್ಡ ಬಸವ, ಲಾಲ್‌ಬಾಗ್, ಟಿಪ್ಪು ಅರಮನೆ, ವಿಧಾನಸೌಧದ ಮುಂದೆ ಒಂದು ಫೋಟೋ, ಊಟ, ಮ್ಯೂಸಿಯಂ, ಕೊನೆಗೆ ಎಂಜಿ ರೋಡಲ್ಲಿ ಶಾಪಿಂಗ್. ನೋಡಿದ್ದು ಮೂರು ಗಂಟೆ, ಟ್ರಾಫಿಕ್ಕಲ್ಲಿ ಕೂತಿದ್ದು ಆರು ಗಂಟೆ.

ಒಂದು ಸಲ ಶಿವಮೊಗ್ಗದಿಂದ ಒಂದು ಕುಟುಂಬ ಬಂದಿತ್ತು. ಜೊತೆಯಲ್ಲಿದ್ದ ಅಜ್ಜಿ ದಿನವೆಲ್ಲಾ ಜಾಸ್ತಿ ಮಾತಾಡಲಿಲ್ಲ. ಸಂಜೆ ಇಳಿಯುವಾಗ ಹೇಳಿದರು, "ಎಲ್ಲಾ ತೋರಿಸಿದೆ ತಮ್ಮಾ, ಹೊಳೆ ಒಂದು ತೋರಿಸಲಿಲ್ಲ ನೋಡು."

"ಬೆಂಗಳೂರಲ್ಲಿ ಹೊಳೆ ಇಲ್ಲ ಅಜ್ಜಿ" ಅಂದೆ.

"ಹೊಳೆ ಇಲ್ಲದೆ ಊರು ಹೆಂಗೆ ಕಟ್ಟಿದ್ರು?"

ತುಂಗೆಯ ದಡದವರು, ಕೇಳದೇ ಇರ್ತಾರಾ? ನಾನು ಸುಮ್ನೆ ನಕ್ಕೆ. ತಮಾಷೆ ಏನು ಗೊತ್ತಾ, ಅವತ್ತು ಬೆಳಿಗ್ಗೆ ಅವರನ್ನು ಹೊಳೆ ಹುಟ್ಟುವ ಜಾಗದಲ್ಲೇ ನಿಲ್ಲಿಸಿ ಫೋಟೋ ತೆಗೆದಿದ್ದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಹೆಸರಲ್ಲೇ ಬಸವ ಇದ್ದಾನೆ. ನೂರು ಸಲ ಆ ಮೆಟ್ಟಿಲು ಹತ್ತಿದ್ದರೂ ನಾನು ಬಸವನ ಎತ್ತರ, ಉದ್ದ ಹೇಳಿ ಇಳಿಸಿಕೊಂಡು ಬರುತ್ತಿದ್ದೆ.

ಆಮೇಲೆ ಮೂರು ತಿಂಗಳು ಭಾನುವಾರ ಭಾನುವಾರ ಒಬ್ಬನೇ ನಡೆದೆ. ಓದಿದ್ದಕ್ಕಿಂತ ನಡೆದು ಕಲಿತದ್ದೇ ಜಾಸ್ತಿ. ಸೈಕಲ್ ತುಳಿಯುವವರಿಗೆ ಗೊತ್ತಿರುತ್ತೆ, ಬೆಂಗಳೂರಲ್ಲಿ ಸಮತಟ್ಟಾದ ರಸ್ತೆ ಕಮ್ಮಿ. ಊರು ಕೂತಿರುವುದೇ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಒಂದು ದಿಣ್ಣೆಯ ಬೆನ್ನ ಮೇಲೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿಗೆ. ಬಸವನ ಗುಡಿಗೂ ಲಾಲ್‌ಬಾಗಿಗೂ ಎರಡು ಕಿಲೋಮೀಟರ್ ಇಲ್ಲ. ಅಷ್ಟರಲ್ಲೇ ನೀರು ಎರಡು ಪಾಲಾಗುತ್ತದೆ. ಒಂದು ಪಾಲು ತಮಿಳುನಾಡಿನ ಪೂಂಪುಹಾರಿನಲ್ಲಿ ಕಡಲು ಸೇರಿದರೆ ಇನ್ನೊಂದು ಕಡಲೂರಿನ ಹತ್ತಿರ.

ಇದನ್ನೇ ಇಟ್ಟುಕೊಂಡು ಹೊಸ ಟೂರು ಮಾಡಿದೆ. ಟಿಟಿ ಇಲ್ಲ. ನಡಿಗೆ, ಆಮೇಲೆ ಮೆಟ್ರೋ.

ಮೊದಲನೇ ಸಲ ಪೂರ್ತಿ ಕೆಟ್ಟಿತು. ಬೇಡ ಅನ್ನಲಾರದೆ 22 ಜನರನ್ನು ಸೇರಿಸಿಕೊಂಡಿದ್ದೆ. ಹೊರಟಿದ್ದೇ ಒಂಬತ್ತೂವರೆಗೆ. ಮುಂದಿದ್ದವರಿಗೆ ಹೇಳಿದ್ದು ಹಿಂದಿದ್ದವರಿಗೆ ಕೇಳಲಿಲ್ಲ. ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟಿರಲಿಲ್ಲ. ವಯಸ್ಸಾದವರು ಇಬ್ಬರು ಬಿಸಿಲಿಗೆ ಫುಟ್‌ಪಾತಿನ ಮೇಲೇ ಕೂತುಬಿಟ್ಟರು. ಕೊನೆಯ ಗುಡಿ ಮುಟ್ಟುವ ಹೊತ್ತಿಗೆ ಬಾಗಿಲು ಹಾಕಿತ್ತು. ಅರ್ಧ ದುಡ್ಡು ವಾಪಸ್ ಕೊಟ್ಟೆ. ಈಗ ಹತ್ತೇ ಜನ, ಆರೂವರೆಗೆ ಹೊರಡುತ್ತೇವೆ. ಟಾಯ್ಲೆಟ್ ಇರುವ ಎರಡು ಜಾಗ ಯಾವುದು ಅಂತ ಶುರುವಿನಲ್ಲೇ ಹೇಳಿಬಿಡುತ್ತೇನೆ. ಗೈಡ್ ಆಗಬೇಕು ಅನ್ನುವವರು ಇತಿಹಾಸ ಓದೋಕೆ ಮೊದಲು ಇದನ್ನು ನೋಡಿಟ್ಟುಕೊಳ್ಳಿ.

ಬಸವನ ಮುಂದೆ ಜಾಸ್ತಿ ಹೊತ್ತು ನಿಲ್ಲಿಸುವುದಿಲ್ಲ. ಬ್ಯೂಗಲ್ ರಾಕ್ ಪಕ್ಕದ ಇಳಿಜಾರಿಗೆ ಬಂದು ಬಾಟಲಿಯಿಂದ ಸ್ವಲ್ಪ ನೀರು ರಸ್ತೆಗೆ ಸುರಿಯುತ್ತೇನೆ. "ಇದು ಎಲ್ಲಿಗೆ ಹೋಗುತ್ತೆ ಹೇಳಿ." ಎಲ್ಲರೂ ಬಗ್ಗಿ ನೋಡುತ್ತಾರೆ. ನೀರು ಒಂದು ಗೆರೆಯಾಗಿ ಇಳಿಯುತ್ತದೆ, ಒಣಗಿದ ಎಲೆಯೊಂದನ್ನು ತಳ್ಳಿಕೊಂಡು ಹೋಗುತ್ತದೆ, ರೋಡ್ ಹಂಪಿನ ಹತ್ತಿರ ನಿಂತು ಯೋಚನೆ ಮಾಡಿದ ಹಾಗೆ ಮಾಡಿ ಪಕ್ಕಕ್ಕೆ ತಿರುಗಿ ಚರಂಡಿಗೆ ಬೀಳುತ್ತದೆ. ಮಕ್ಕಳು ಅದರ ಹಿಂದೆಯೇ ಓಡುತ್ತಾರೆ. ಒಂದು ಸಲ ಅಲ್ಲೇ ರಂಗೋಲಿ ಹಾಕುತ್ತಿದ್ದ ಒಬ್ಬರು ಆಂಟಿ ಸರಿಯಾಗಿ ಬೈದರು. "ನಮ್ಮನೆ ನಲ್ಲೀಲಿ ನೀರು ಬಂದು ಎರಡು ದಿನ ಆಯ್ತು, ನೀವು ರಸ್ತೆಗೆ ಸುರೀತೀರಾ?" ಅವರು ಹೇಳಿದ್ದು ಸರಿ. ಈಗ ಹೋಟೆಲಲ್ಲಿ ಕಾಫಿ ಕುಡಿಯುವಾಗ ಲೋಟದಲ್ಲಿ ಮಿಕ್ಕ ನೀರನ್ನೇ ಬಾಟಲಿಗೆ ಹಾಕಿಕೊಳ್ಳುತ್ತೇನೆ.

ಅಲ್ಲಿಂದ ಗವಿಪುರಕ್ಕೆ ಇಳಿಯುತ್ತೇವೆ. ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ಮಧ್ಯದಿಂದ ಬಿಸಿಲು ಬಂದು ಲಿಂಗದ ಮೇಲೆ ಬೀಳುವುದು ಎಲ್ಲರಿಗೂ ಗೊತ್ತಿರುವ ವಿಷಯ, ಎರಡು ಮಾತಲ್ಲಿ ಮುಗಿಸುತ್ತೇನೆ. ನನಗೆ ಮುಖ್ಯ ಕೆಳಗಿರುವ ಕೆಂಪಾಂಬುಧಿ ಕೆರೆ. ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದಾಗ ದೊಡ್ಡ ಹೊಳೆ ಇರಲಿಲ್ಲ, ಇಳಿಜಾರಿತ್ತು. ಇಳಿಜಾರಿಗೆ ಅಡ್ಡ ಏರಿ ಹಾಕಿದರೆ ಕೆರೆ. ಅದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಕೆರೆಯಿಂದ ಕೆರೆಗೆ ಹೋಗುವ ಆ ದಾರಿಯೇ ರಾಜಕಾಲುವೆ. ಇವತ್ತು ಆ ಪದ ಕೇಳಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಅದು ಬೇರೆ ಮಾತು.

ಗವಿಪುರದಿಂದ ನ್ಯಾಷನಲ್ ಕಾಲೇಜ್ ಸ್ಟೇಷನ್ನಿಗೆ ವಾಪಸ್ ಏರು. ಮಂಡಿ ನೋವಿರುವವರನ್ನು ಆಟೋ ಹತ್ತಿಸುತ್ತೇನೆ. ಮೆಜೆಸ್ಟಿಕ್ಕಲ್ಲಿ ಲೈನ್ ಬದಲಾಯಿಸುವಾಗ ಒಂದು ನಿಮಿಷ ನಿಲ್ಲಿಸಿ, ಮೇಲಿನ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆಯ ಅಂಗಳ ಅಂತ ಹೇಳುತ್ತೇನೆ. ಹೊರಗಿನಿಂದ ಬಂದವರು ಹೌದಾ ಅನ್ನುತ್ತಾರೆ, ಅಷ್ಟೇ. ಇಲ್ಲೇ ಹುಟ್ಟಿ ಬೆಳೆದವರು ಮಾತ್ರ ನಂಬುವುದೇ ಇಲ್ಲ.

ನೇರಳೆ ಲೈನಿನ ರೈಲು ಮೈಸೂರು ರಸ್ತೆ ಸ್ಟೇಷನ್ ದಾಟಿ ಕೆಂಗೇರಿ ಕಡೆ ಹೊರಟಾಗ ಕಿಟಕಿಯಿಂದ ಕೆಳಗೆ ನೋಡಿ ಅನ್ನುತ್ತೇನೆ. ಅಲ್ಲಿ ಹರಿಯುತ್ತಿರುತ್ತಾಳೆ ವೃಷಭಾವತಿ, ಕಪ್ಪಗೆ, ಎರಡೂ ಕಡೆ ಗೋಡೆ. ಬೇಸಿಗೆಯಲ್ಲೂ ಬತ್ತಲ್ಲ. ಯಾಕೆ ಅಂತ ಕೇಳುವವರಿಗೆ ಹೇಳುವುದು ಇಷ್ಟೇ: ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ತಂದ ಕಾವೇರಿಯಲ್ಲಿ ನಾವು ಸ್ನಾನ ಮಾಡಿ, ಪಾತ್ರೆ ತೊಳೆದು ಇದರೊಳಗೆ ಬಿಡುತ್ತೇವೆ. ಅದು ಅರ್ಕಾವತಿ ಸೇರಿ ತಿರುಗಿ ಕಾವೇರಿಗೇ ಹೋಗುತ್ತದೆ.

ಮೊದಮೊದಲು ಈ ಭಾಗ ಬಿಟ್ಟುಬಿಡೋಣ ಅನ್ನಿಸಿತ್ತು. ದುಡ್ಡು ಕೊಟ್ಟು ಬಂದವರಿಗೆ ಕೊಳಚೆ ತೋರಿಸುವುದಾ ಅಂತ ಮನೆಯಲ್ಲೂ ಕೇಳಿದರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಹತ್ತಿರ ಇಳಿಸಿ ದಡದಿಂದಲೇ ತೋರಿಸಿದ್ದೂ ಉಂಟು. ವಾಸನೆಗೆ ಯಾರೂ ಎರಡು ನಿಮಿಷ ನಿಲ್ಲಲಿಲ್ಲ, ನನ್ನ ಮಾತು ಯಾರ ಕಿವಿಗೂ ಹೋಗಲಿಲ್ಲ. ಮೆಟ್ರೋದ ಎಸಿ ಕಿಟಕಿ ಈ ಕೆಲಸಕ್ಕೆ ಎಷ್ಟೋ ವಾಸಿ. ಸ್ವಲ್ಪ ಮೋಸ ಅನ್ನಿ ಬೇಕಾದರೆ. ಆದರೂ ನೋಡುತ್ತಾರಲ್ಲ.

ಕೊಳಚೆ ನೋಡಿ ಮನಸ್ಸು ಕೆಟ್ಟವರಿಗೆ ಅಂತಲೇ ಮಲ್ಲೇಶ್ವರದ್ದೊಂದು ಚಿಕ್ಕ ಟೂರು ಇಟ್ಟಿದ್ದೇನೆ. ಕಾಡು ಮಲ್ಲೇಶ್ವರನ ಗುಡಿ ಎದುರಿಗೆ ನಂದೀಶ್ವರ ತೀರ್ಥ. ಮೆಟ್ಟಿಲು ಇಳಿದು ಹೋದರೆ ಕಲ್ಲಿನ ನಂದಿಯ ಬಾಯಿಂದ ಸಣ್ಣ ಧಾರೆ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ವೃಷಭಾವತಿಯ ಇನ್ನೊಂದು ಕವಲು ಹುಟ್ಟುವುದು ಇಲ್ಲೇ ಅನ್ನುತ್ತಾರೆ. ಅಲ್ಲಿ ನಾನು ಏನೂ ಹೇಳಲ್ಲ. ಕಟ್ಟೆಯ ಮೇಲೆ ಕೂರಿಸಿ ಹತ್ತು ನಿಮಿಷ ಬಿಡುತ್ತೇನೆ. ನೀರು ಬೀಳುವ ಸದ್ದು, ಕಲ್ಯಾಣಿಯಲ್ಲಿ ಆಮೆ ತಲೆ ಎತ್ತಿದರೆ ಮಕ್ಕಳ ಕೂಗು.

ಬುಕಿಂಗ್ ಮಾಡುವವರಿಗೆ ಒಂದು ಮಾತು: ಕಾರ್ತಿಕದ ಕೊನೆಯ ಸೋಮವಾರದ ಹಿಂದು ಮುಂದು ಬಸವನಗುಡಿಯಲ್ಲಿ ಟೂರು ಇಲ್ಲ. ಕಡಲೆಕಾಯಿ ಪರಿಷೆ. ರಸ್ತೆ ತುಂಬಾ ಕಡಲೆಕಾಯಿ ರಾಶಿ, ನೀರು ಸುರಿದು ತೋರಿಸೋಕೆ ಒಂದು ಅಂಗೈ ಜಾಗ ಸಿಗಲ್ಲ. ನಾನೂ ಹೆಂಡತಿ ಮಕ್ಕಳ ಜೊತೆ ಅಲ್ಲೇ ಎಲ್ಲೋ ಹುರಿದ ಕಾಯಿ ಬಿಡಿಸುತ್ತಾ ಇರುತ್ತೇನೆ. ಫೋನ್ ಎತ್ತಲ್ಲ.