ಶುಗರ್ ನಾರ್ಮಲ್, ಆದ್ರ ಇನ್ಸುಲಿನ್ ಏರಿತ್ತು: ನನ್ನ ಅನುಭವ

ನಾ ಇರೂದು ಬಾಗಲಕೋಟಿ ನವನಗರದಾಗ, ಅಪ್ಪಗ ಶುಗರ್ ಐತಿ, ಅದಕ್ಕ ವರ್ಷಕ್ಕೊಮ್ಮಿ ರಕ್ತ ಕೊಡೂದು ರೂಢಿ. ಈ ಸಲ ಫಾಸ್ಟಿಂಗ್ (ಖಾಲಿ ಹೊಟ್ಟಿ) ಶುಗರ್ 97, ಎಚ್‌ಬಿಎ1ಸಿ (ಹಿಂದಿನ ಎರಡ್ಮೂರು ತಿಂಗಳ ಸರಾಸರಿ ಶುಗರ್ ತೋರಸೂ ಟೆಸ್ಟ್) 5.6, ಅಂದ್ರ 100ರ ಒಳಗ, 5.7ರ ಒಳಗ, ಎರಡೂ ನಾರ್ಮಲ್. ಡಾಕ್ಟ್ರು ಮಾತ್ರ ಕಾಗದ ಬದಿಗಿಟ್ಟು ನನ್ನ ಕುತ್ತಿಗಿ ಹಿಂದ ನೋಡಿದ್ರು, ಅಲ್ಲಿ ಚರ್ಮ ಕಪ್ಪಗ ದಪ್ಪಗ ಆಗಿತ್ತು, ನಮ್ಮಾಕಿ ಅದನ್ನ ಬೆವರಿನ ಹೊಲಸು ಅಂತ ತಿಕ್ಕಿ ತಿಕ್ಕಿ ಸಾಕಾಗಿದ್ಲು. ಟ್ರೈಗ್ಲಿಸರೈಡ್ (ರಕ್ತದಾಗಿನ ಕೊಬ್ಬು) 210 ಅಂದ್ರ ಹೆಚ್ಚು, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 35 ಅಂದ್ರ ಕಡಿಮಿ, ಸೊಂಟದ ಸುತ್ತಳತಿನೂ 90 ಸೆಂಟಿಮೀಟರ್ ದಾಟಿತ್ತು. ಇವೆಲ್ಲ ಇನ್ಸುಲಿನ್ ಸರಿ ಕೆಲಸ ಮಾಡದಿರೂ ಗುರುತು ಇರಬಹುದಂತ, ‘ಫಾಸ್ಟಿಂಗ್ ಇನ್ಸುಲಿನ್ ಒಮ್ಮಿ ನೋಡೂಣ್ರಿ’ ಅಂದ್ರು.

18 ಬಂತು. ಇನ್ಸುಲಿನ್ನಿಗೆ ಫಾಸ್ಟಿಂಗ್ ಶುಗರ್ ಗುಣಿಸಿ 405ರಿಂದ ಭಾಗಿಸಿದ್ರ ಹೋಮಾ ಐಆರ್ ಅನ್ನೂ ಅಂದಾಜು ಲೆಕ್ಕ ಸಿಗತೈತಿ, ನಂದು 4.3. ಗೆರಿ ಒಬ್ಬೊಬ್ರು ಒಂದೊಂದು ಕಡೆ ಹಾಕ್ತಾರ, ಆದ್ರ 2.5ರ ಮ್ಯಾಲೆ ಹೋದ್ರ ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್ ಇದ್ರೂ ಮೈ ಅದರ ಮಾತು ಸರಿ ಕೇಳದಿರೂದು) ಅಂತ ಭಾಳ ಮಂದಿ ಹಿಡಿತಾರ. ಎತ್ತು ಏದುಸಿರು ಬಿಡಾಕತ್ತಿದ್ರೂ ಗಾಡಿ ಮುಂದ ಹೊಂಟಿರತೈತಲ್ಲ, ಹಂಗ ನನ್ನ ಪ್ಯಾಂಕ್ರಿಯಾಸ್ (ಇನ್ಸುಲಿನ್ ಮಾಡೂ ಗ್ರಂಥಿ) ಹೆಚ್ಚು ಹೆಚ್ಚು ಇನ್ಸುಲಿನ್ ಬಿಟ್ಟು ಶುಗರ್ 97ಕ್ಕ ಹಿಡಕೊಂಡು ನಿಂತಿತ್ತು.

ಗುಳಗಿ ಬ್ಯಾಡ, ಮೊದ್ಲ ಊಟ ತಿದ್ದರಿ ಅಂದ್ರು. ಜೋಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ ಅಂತ ನಮ್ಮ ಕಡೆ ಮಂದಿ ನಾಕ ನಾಕ ಹೊಡಿತಾರ, ಅದೂ ಕಾರ್ಬೋಹೈಡ್ರೇಟೇ ಮಾರಾಯ್ರ. ರೊಟ್ಟಿ ಎರಡಕ್ಕ ಇಳಿಸಿದೆ, ಅದಕ್ಕೂ ಮೊದ್ಲ ಹೆಸರುಕಾಳ ಪಲ್ಯ, ಸೌತಿಕಾಯಿ, ಹಸಿ ಮೆಂತೆ, ರಾತ್ರಿ ಅನ್ನ ಬಂದ್, ಚಹಾಕ್ಕ ಸಕ್ಕರಿ ಬಂದ್. ಅಮೀನಗಡ ಕರದಂಟು ಪೂರ್ತಿ ಬಿಡಾಕ ಆಗಿಲ್ಲ, ಯಾರರ ತಂದ್ರ ಒಂದು ತುಣುಕು. ಉಂಡ ಮ್ಯಾಲೆ ಅಡ್ಡಾಡತೀನಿ, ನಡಿಯೂವಾಗ ಸ್ನಾಯು ಇನ್ಸುಲಿನ್ ಹಂಗಿಲ್ದನ ರಕ್ತದಾಗಿನ ಶುಗರ್ ಎಳಕೊಂತಾವ, ನನಗ ಇದ ಹೆಚ್ಚು ಕೆಲಸ ಮಾಡ್ತು ಅನ್ನಸ್ತೈತಿ.

ಕೆಲವು ತಿಂಗಳ ಮ್ಯಾಲೆ ಶುಗರ್ 92, ಇನ್ಸುಲಿನ್ 9, ಹೋಮಾ 2. ಅದ ಲ್ಯಾಬಿನ್ಯಾಗ ಮಾಡಿಸಿದ್ದೆ, ಯಾಕಂದ್ರ ಇನ್ಸುಲಿನ್ ನಂಬರ್ ಲ್ಯಾಬಿಗೊಂದು ಥರ ಬರತೈತಿ. ಕೂದಲಿಗಂತ ಬಯೋಟಿನ್ ಗುಳಗಿ ತಗೊಳ್ಳೋರು ರಕ್ತ ಕೊಡೂ ಮೊದ್ಲ ಡಾಕ್ಟ್ರಿಗೆ ಹೇಳ್ರಿ, ಅದೂ ಈ ಟೆಸ್ಟ್ ಕೆಡಿಸ್ತೈತಿ.

ನನ್ನ ನೋಡಿ ನಮ್ಮಾಕಿನೂ ಮಾಡಿಸಿದ್ಲು, ಎಚ್‌ಬಿಎ1ಸಿ 5.9 ಬಂತು, ಮನಿ ತುಂಬ ಗಾಬರಿ. ಆದ್ರ ಹಿಮೋಗ್ಲೋಬಿನ್ 9 ಇತ್ತು, ಕಬ್ಬಿಣಾಂಶ ಕಡಿಮಿ ಇದ್ರ ಎಚ್‌ಬಿಎ1ಸಿ ಸುಳ್ಳ ಏರಿ ತೋರಸ್ತೈತಂತ. ಆಕಿಗೆ ಮೊದ್ಲ ಕಬ್ಬಿಣದ ಗುಳಗಿ ಬರದಾರ, ರಕ್ತ ಸುಧಾರಿಸಿದ ಮ್ಯಾಲೆ ಮತ್ತ ಟೆಸ್ಟ್.